ಬೆಳ್ಳುಳ್ಳಿ ಇಲ್ಲದ ಮನೆ

ಹೋದ ವಾರ ಹುಮನಾಬಾದ್ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಕಮಲಾಪುರ ಇನ್ನೂ ಬರುವ ಮೊದಲೇ ಬುತ್ತಿಯ ಗಂಟು ಬಿಚ್ಚಿದಳು. ಕಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಕೆಂಪು ಚಟ್ನಿ. "ತಗೋರಿ ಅಕ್ಕಾ, ಒಂದ್ ತುತ್ತು" ಎಂದು ನನ್ನ ಮುಂದೆಯೂ ಹಿಡಿದಳು. ಒಂದು ಕಾಲದಲ್ಲಿ ಆ ಚಟ್ನಿ ಕಂಡರೆ ನಾನು ರೊಟ್ಟಿಗೂ ಕಾಯದೆ ಬೆರಳಲ್ಲೇ ನೆಕ್ಕುತ್ತಿದ್ದವಳು. ಅವತ್ತು ಕೈ ಚಾಚಲಾಗಲಿಲ್ಲ. ಬಸ್ಸಿನಲ್ಲಿ ತಿಂದರೆ ನನಗೆ ಆಗುವುದಿಲ್ಲ ಎಂದು ಸುಳ್ಳು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಹೊರಗೆ ತೊಗರಿ ಹೊಲಗಳು ಕಟಾವಿಗೆ ಬಂದಿದ್ದವು. ಕಮಲಾಪುರ ಹತ್ತಿರವಾದಂತೆ ರಸ್ತೆ ಬದಿಯ ಗಾಡಿಗಳ ಮೇಲೆ ಕೆಂಪು ಬಾಳೆಗೊನೆಗಳು ಕಂಡವು. ಆ ವರ್ಷ ಪೂರ್ತಿ ನೆನಪಾಯಿತು. ಒಂದು ತೊಗರಿ ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗಿನ ವರ್ಷ ಅದು.

ನಾನು ಕಲಬುರಗಿಯ ಜೇವರ್ಗಿ ಕಾಲೋನಿಯವಳು. ಮನೆಯ ಮುಂದಿನ ಕೋಣೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಅದಕ್ಕೇ ಕಾಲೋನಿಗೆಲ್ಲ ನಾನು ಅಕ್ಕೋರು. ಮಾದೇವಿ ಎಂದು ಹೆಸರು ಹಿಡಿದು ಕರೆಯುತ್ತಿದ್ದವಳು ಒಬ್ಬಳೇ, ನಮ್ಮ ಪಕ್ಕದ ಓಣಿಯ ಪದ್ಮಜಾ. ಅವರದು ವೈಷ್ಣವರ ಮನೆ. ಅಡುಗೆಮನೆಯಲ್ಲಿ ಮರಾಠಿ, ಜಗುಲಿಯಲ್ಲಿ ಕನ್ನಡ. ಗಂಡ ಶ್ರೀಪಾದರಾಯರು ವಿಮಾ ಕಚೇರಿಯಲ್ಲಿ ನೌಕರ, ಮೆತ್ತಗಿನ ಮನುಷ್ಯ. ಮಾವ ಕೇಶವರಾಯರು ಮಾತ್ರ ಕಮಲಾಪುರದ ಕಲ್ಲಿನ ಮನೆಯನ್ನು ಬಿಟ್ಟು ಬರಲು ಒಪ್ಪಿರಲಿಲ್ಲ. ಅಲ್ಲಿ ಅವರಿಗೆ ತೊಗರಿ ಹೊಲವಿತ್ತು, ಒಂದಿಷ್ಟು ಕೆಂಪು ಬಾಳೆ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವರ ಮಡಿ ಇತ್ತು.

ಆ ಮಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಆ ಮನೆಯ ಹೊಸ್ತಿಲೊಳಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಎಂದೂ ಬಂದದ್ದಿಲ್ಲ. ಹಬ್ಬದ ದಿನ ಸೊಸೆ ನಸುಕಿನಲ್ಲಿ ಮೈಮೇಲೆ ನೀರು ಹಾಕಿಕೊಂಡು ಮಡಿ ಸೀರೆ ಉಟ್ಟು ಅಡುಗೆಗೆ ನಿಂತಳೆಂದರೆ ಆ ಪಾತ್ರೆಗಳನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಗಂಡನೂ ಮುಟ್ಟುವಂತಿಲ್ಲ. ನಾನು ಲಿಂಗಾಯತರ ಮನೆಯವಳು, ನಮ್ಮಲ್ಲಿ ಬೆಳ್ಳುಳ್ಳಿ ಇಲ್ಲದಿದ್ದರೆ ಅದು ಚಟ್ನಿಯೇ ಅಲ್ಲ. ಪದ್ಮಜಾ ಸಂಜೆ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತ, "ನಿಮ್ಮ ಮನ್ಯಾಗ ಬರೇ ಉಸಿರು ತಗೊಂಡ್ರ ಸಾಕು ನೋಡು, ನನ್ನ ಮಡಿ ಕೆಡತದ" ಎಂದು ನಗುತ್ತಿದ್ದಳು. ನಗುವುದರಲ್ಲಿ ಆಕೆಯನ್ನು ಮೀರಿಸುವವರು ಕಾಲೋನಿಯಲ್ಲಿ ಇರಲಿಲ್ಲ.

ಆ ಸಲ ವೈಕುಂಠ ಏಕಾದಶಿಗೆ ಕಮಲಾಪುರಕ್ಕೆ ಬಾ ಎಂದು ಆಕೆಯೇ ಕರೆದಳು. ಮನೆಯ ರೀತಿ ಗೊತ್ತಿದ್ದದ್ದರಿಂದ ನಾನು ಚೀಲದಲ್ಲಿ ಒಂದು ಸೀರೆ, ಬಾಚಣಿಕೆ, ರವೆ ಉಂಡಿಯ ಡಬ್ಬಿ ಬಿಟ್ಟು ಬೇರೇನೂ ಒಯ್ಯಲಿಲ್ಲ. ಚಳಿ ಚೆನ್ನಾಗಿತ್ತು. ಹೊಲದಿಂದ ಹೊಸ ತೊಗರಿ ಚೀಲಗಳು ಬಂದು ಮನೆಯೊಳಗೆ ಬಿದ್ದಿದ್ದವು. ಪ್ರತಿ ವರ್ಷ ಅವು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದವಂತೆ. ಆ ಮಳೆಗಾಲದಲ್ಲಿ ಶೆಡ್ಡು ಬಿದ್ದುದರಿಂದ, ಹೊಲ ನೋಡಿಕೊಳ್ಳುತ್ತಿದ್ದ ಶರಣಪ್ಪ ಅವನ್ನು ದೇವರಮನೆಯ ಹಿಂದಿನ ಕೋಣೆಯಲ್ಲಿ ಒಟ್ಟಿದ್ದ. ಇದನ್ನು ನಾನು ನೋಡಿದೆ. ನೋಡಿ ಮರೆತೆ. ತೊಗರಿ ಚೀಲವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ದೀಪ ಹಚ್ಚುವ ಹೊತ್ತಿಗೆ ಕೇಶವರಾಯರು ದೇವರಮನೆಯಿಂದ ಹೊರಗೆ ಬಂದು ಮೂಗು ಅರಳಿಸಿದರು. ಇಡೀ ದಿನ ನೀರೂ ಮುಟ್ಟದ ಉಪವಾಸ, ಮೇಲೆ ಮೊದಲೇ ಸಿಟ್ಟಿನ ಸ್ವಭಾವ.

"ಯಾರು ಬಳ್ಳೊಳ್ಳಿ ತಂದಾರ ಮನ್ಯಾಗ?"

"ಯಾರೂ ತಂದಿಲ್ಲ ಮಾಮಾ" ಎಂದಳು ಪದ್ಮಜಾ.

"ನನಗ ಮೂಗಿಲ್ಲೇನು? ಏಕಾದಶಿ ದಿವಸ ನನ್ನ ದೇವರ ಮುಂದ ಬಳ್ಳೊಳ್ಳಿ ನಾರಾಕತ್ತದ. ಬಂದಾಳಲ್ಲ ನಿನ್ನ ಗೆಳತಿ, ಆಕಿ ಚೀಲಾ ತಗದು ನೋಡು."

ನಾನು ಪಡಸಾಲೆಯಲ್ಲೇ ಕೂತಿದ್ದೆ. ಕಿವಿ ಬಿಸಿಯಾಯಿತು. ಆದರೆ ಆಶ್ಚರ್ಯವೆಂದರೆ ವಾಸನೆ ನನಗೂ ಬಂದಿತ್ತು, ಹಳಸಿದ ಬೆಳ್ಳುಳ್ಳಿಯ ಹಾಗೆ. ನಾನೇ ಎದ್ದು ಚೀಲವನ್ನು ಅವರ ಮುಂದೆ ನೆಲಕ್ಕೆ ಸುರಿದೆ. ಸೀರೆ, ಬಾಚಣಿಕೆ, ಉಂಡಿ. ಅವರು ಅದರ ಕಡೆ ನೋಡಲೂ ಇಲ್ಲ. ಪದ್ಮಜಾಳಿಗೆ ಮಾತ್ರ ತಡೆಯಲಾಗಲಿಲ್ಲ.

"ಮನೀಗೆ ಕರದ ಮಂದೀಗೆ ಹಿಂಗ ಮಾಡ್ತಾರೇನ್ರಿ? ನನಗಂತೂ ಸಾಕಾಗ್ಯಾದ. ಇದೆಲ್ಲಾ ಒಮ್ಮೆ ಮುಗದ್ರ ಸಾಕು."

ಕುಂಕುಮಕ್ಕೆಂದು ಬಂದಿದ್ದ ಎದುರುಮನೆಯ ಹೆಂಗಸು ಬಾಗಿಲಲ್ಲಿ ನಿಂತು ಈ ಮಾತನ್ನು ಕೇಳಿಸಿಕೊಂಡಳು. ಕೇಶವರಾಯರು, "ನಿಮ್ಮ ವಾಸನಿ ಈ ಕಡೆ ಬರಬಾರದು" ಎಂದವರೇ ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲ ಕೆಳಗಿನ ಸಂದಿಗೆ ಒಳಗಿನಿಂದ ಪಂಚೆ ಮಡಚಿ ತುರುಕಿದ್ದು ನಮಗೆ ಕಾಣಿಸಿತು. ಮಡಿಯಲ್ಲಿದ್ದಾಗ ಅವರು ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ನಾವೆಲ್ಲ ಹೊರಗಿನ ಪಡಸಾಲೆಯಲ್ಲಿ ಮಲಗಿದೆವು.

ನಸುಕಿನಲ್ಲಿ ದ್ವಾದಶಿಯ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಹಿಂದಿನ ದಿನ ಅಷ್ಟು ಕೂಗಾಡಿದ ಮನುಷ್ಯ ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ತಲಿ ಒಡದು ಹೋಗಾಕತ್ತದ ಪದ್ಮಾ. ಎದ್ಯಾಗ ಬೆಂಕಿ ಇಟ್ಟಂಗ ಆಗ್ಯಾದ" ಎಂದರು. ಉಪವಾಸದ ಮರುದಿನ ಆ ಮನೆಯಲ್ಲಿ ಯಾರಿಗೆ ತಲೆನೋವು ಬಂದರೂ ಒಂದೇ ಉತ್ತರ. "ಪಿತ್ತ ಏರ್ಯಾದ ಮಾಮಾ. ಲಗೂನ ಪಾರಣಿ ಮಾಡ್ರಿ, ಕಮ್ಮಿ ಆಗ್ತದ" ಎಂದು ಆಕೆ ಎಲೆ ಹಾಕಿದಳು. ಅವರದೇ ತೋಟದ ಕೆಂಪು ಬಾಳೆಹಣ್ಣು ಕಿವುಚಿ, ಹಾಲು ಸಕ್ಕರೆ ಹಾಕಿ ಶಿಕ್ರಣಿ ಮಾಡಿದ್ದಳು. ಶ್ರೀಪಾದರಾಯರ ಸಂಧ್ಯಾವಂದನೆ ಇನ್ನೂ ಮುಗಿದಿರಲಿಲ್ಲ. ಹಿರಿಯರು ಒಬ್ಬರೇ ಎರಡು ತುತ್ತು ತಿಂದರು. ತಿಂದದ್ದನ್ನೆಲ್ಲ ಕಾರಿಕೊಂಡು ಎಲೆಯ ಮೇಲೆಯೇ ವಾಲಿದರು. ಕಾರು ಕಲಬುರಗಿ ಮುಟ್ಟಿ, ಆಸ್ಪತ್ರೆಗೆ ಸೇರಿಸಿ, ಮಧ್ಯಾಹ್ನ ಆಗುವಷ್ಟರಲ್ಲಿ ಹೋಗಿಬಿಟ್ಟರು. ನನಗೆ ಅಳು ಬರಲಿಲ್ಲ. ಬೆಳಗ್ಗೆ ಮಾತಾಡಿದ ಮನುಷ್ಯ ಮಧ್ಯಾಹ್ನ ಇಲ್ಲ ಎನ್ನುವುದು ತಲೆಗೆ ಇಳಿಯಲೇ ಇಲ್ಲ.

ಸೋಲಾಪುರದಿಂದ ಕೇಶವರಾಯರ ಮಗಳು ಅಲಕಾ ಬಂದಳು. ತಂದೆಯ ಮುಖ ನೋಡಿದಳು, ವಿಷ ಇರಬಹುದು ಎಂಬ ಡಾಕ್ಟರ ಅನುಮಾನ ಕೇಳಿದಳು, ಎದುರುಮನೆಯವಳ ಮಾತು ಕೇಳಿದಳು, ನೇರವಾಗಿ ಪೊಲೀಸರ ಹತ್ತಿರ ಹೋದಳು. ಅತ್ತಿಗೆಯ ಮೇಲಿನ ಆಕೆಯ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. "ಅಡಿಗಿ ಮಾಡಿದಾಕಿ ವೈನಿ. ಬಡಸಿದಾಕಿ ವೈನಿ. ಮಡಿ ಅಂತ ಬ್ಯಾರೆ ಯಾರೂ ಪಾತ್ರಿ ಮುಟ್ಟಿಲ್ಲ. ಮತ್ತ ವಿಷಾ ಯಾರು ಹಾಕ್ಯಾರ?" ಆ ಮನೆಯಲ್ಲಿ ಸೊಸೆಯ ಹಿರಿಮೆ ಎಂದು ಇಪ್ಪತ್ತು ವರ್ಷ ಹೊಗಳಿಸಿಕೊಂಡದ್ದು ಒಂದೇ ದಿನದಲ್ಲಿ ಆಕೆಯ ಕೊರಳಿಗೆ ಸುತ್ತಿಕೊಂಡಿತು. ಮುಸುರೆ ಪಾತ್ರೆ ಬಿಡಬಾರದು ಎಂದು ಎದುರುಮನೆಯವಳೇ ಶಿಕ್ರಣಿಯ ಬಟ್ಟಲನ್ನು ತೊಳೆದಿಟ್ಟಿದ್ದಳು. ಅದೂ ಪದ್ಮಜಾ ಹೇಳಿ ತೊಳೆಸಿದ್ದು ಎಂದಾಯಿತು.

ನಾನು ಹೋಗಿ ಹೇಳಿಕೆ ಕೊಟ್ಟೆ. ಶಿಕ್ರಣಿ ತಿನ್ನುವ ಮೊದಲೇ ಅವರಿಗೆ ಮೈ ಸರಿ ಇರಲಿಲ್ಲ ಎಂದೆ. ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ಎತ್ತಿ ಹಿಡಿದು ನನ್ನನ್ನು ಕನಿಕರದಿಂದ ನೋಡಿದ. "ಅಕ್ಕೋರೆ, ನೀವು ಗೆಳತಿ ಅಂತ ಹೇಳಾಕತ್ತೀರಿ. ಉಪವಾಸ ಇದ್ರ ಎಲ್ಲಾರಿಗೂ ತಲಿ ನೋಯತದ." ಅವನು ಅದನ್ನು ಬರೆಯಲಿಲ್ಲ. ಜಗಳವನ್ನು ಮಾತ್ರ ಅಕ್ಷರ ಬಿಡದೆ ಬರೆದುಕೊಂಡ. ನನ್ನ ಸಲುವಾಗಿ ಆಡಿದ ಮಾತು ಆಕೆಗೆ ಕುತ್ತಾಗುವುದನ್ನು ಕಣ್ಣಾರೆ ನೋಡಿದೆ. ಸಂಕ್ರಾಂತಿಯ ಹೊತ್ತಿಗೆ ಪದ್ಮಜಾಳನ್ನು ಹಿಡಿದುಕೊಂಡು ಹೋದರು.

ಆಮೇಲೆ ಶುರುವಾದದ್ದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿಯದು. ಜಾತ್ರೆ ಎಂದರೆ ಜಾತ್ರೆಗೆ ಅವಮಾನ. ಟೀವಿಯಲ್ಲಿ ಯಾರೋ ಹುಡುಗಿಗೆ ಮಡಿ ಸೀರೆ ಉಡಿಸಿ, ಬಟ್ಟಲಿಗೆ ಏನೋ ಸುರಿದು ಕ್ಯಾಮೆರಾ ಕಡೆ ನೋಡಿ ನಗುವಂತೆ ಮಾಡಿಸಿದರು. ಹಿಂದೆ ಢಂ ಢಂ ಎಂದು ಸದ್ದು. ಪದ್ಮಜಾಳ ಮದುವೆಯ ಫೋಟೋದಿಂದ ಗಂಡನನ್ನು ಕತ್ತರಿಸಿ ಮುಖ ಒಂದನ್ನೇ ದೊಡ್ಡದು ಮಾಡಿ, ಕಣ್ಣಿನ ಸುತ್ತ ಕೆಂಪು ಗೆರೆ ಎಳೆದರು. ಮಕ್ಕಳಿಲ್ಲದ್ದಕ್ಕೆ ಒಂದು ಕಾರಣ ಹುಡುಕಿದರು, ಸಂಜೆ ಹೊತ್ತು ಮನೆಯಿಂದ ಹೊರಗೆ ಹೋಗುತ್ತಿದ್ದಳು ಎಂಬುದಕ್ಕೆ ಇನ್ನೊಂದು. ಸಂಜೆ ಆಕೆ ಹೋಗುತ್ತಿದ್ದದ್ದು ನಮ್ಮ ಮನೆಗೆ, ಚಹಾಕ್ಕೆ. ನಾನು ಇದನ್ನು ಮೈಕು ಹಿಡಿದು ಬಂದವನಿಗೆ ಹೇಳಿದೆ. ಅವನು ಮೈಕನ್ನು ಓಣಿಯ ಬೇರೆಯವರ ಕಡೆ ತಿರುಗಿಸಿದ.

ಸೂಪರ್ ಮಾರ್ಕೆಟ್‌ನಿಂದ ಬರುವಾಗ ಆಟೋದವನು ತಾನಾಗಿಯೇ ಕೇಸಿನ ವಿಷಯ ತೆಗೆಯುತ್ತಿದ್ದ. ರಜೆಯ ದಿನ ಜನ ಗಾಡಿ ಮಾಡಿಕೊಂಡು ಕಮಲಾಪುರಕ್ಕೆ ಹೋಗಿ ಬೀಗ ಹಾಕಿದ ಆ ಮನೆಯ ಮುಂದೆ ಫೋಟೋ ತೆಗೆಸಿಕೊಂಡು, ಬರುವಾಗ ಬಾಳೆಹಣ್ಣು ಕೊಂಡು ತರುತ್ತಿದ್ದರು. ನನ್ನ ಟ್ಯೂಷನ್ ಮಕ್ಕಳು ಡಬ್ಬಿ ಬಿಚ್ಚುವಾಗ "ಶಿಕ್ರಣಿ ತಿಂತಿ ಏನು?" ಎಂದು ಒಬ್ಬರನ್ನೊಬ್ಬರು ಅಣಕಿಸಿ, ಕುತ್ತಿಗೆ ಹಿಡಿದುಕೊಂಡು ಬಿದ್ದಂತೆ ಮಾಡುತ್ತಿದ್ದರು. ಒಂದು ದಿನ ನಾನು ಡಸ್ಟರು ಬೀಸಿ ಒಗೆದೆ. ಮರುದಿನ ಇಬ್ಬರು ತಾಯಂದಿರು ಬಂದು ಮಕ್ಕಳನ್ನು ಬಿಡಿಸಿದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಅದೇ ನನ್ನನ್ನು ಹೆಚ್ಚು ಬೆಚ್ಚಿಸಿತು. ನಾಲ್ಕು ತಿಂಗಳ ಹಿಂದೆ ಇದೇ ಹೆಂಗಸರು ಪದ್ಮಜಾಳ ಕೈಯ ಪುರಣಪೋಳಿಯನ್ನು ಕೇಳಿ ಕೇಳಿ ಹಾಕಿಸಿಕೊಂಡಿದ್ದರು.

ವಕೀಲರು ಸಿಗಲಿಲ್ಲ. ಶ್ರೀಪಾದರಾಯರು ಹೋಗಿ ಕೇಳಿದವರಲ್ಲಿ ಕೆಲವರು ಕೈಯಲ್ಲಿ ಬೇರೆ ಕೇಸುಗಳಿವೆ ಎಂದರು, ಕೆಲವರು ಮನೆಯಲ್ಲಿ ಹೆಂಡತಿ ಬೇಡ ಅಂತಾಳೆ ಎಂದು ನೇರವಾಗಿಯೇ ಹೇಳಿದರು. ಕೊನೆಗೆ ಸರ್ಕಾರದ ಉಚಿತ ಕಾನೂನು ನೆರವಿನಿಂದ ಒಬ್ಬರನ್ನು ಕೊಟ್ಟರು. ಗಾಜಿಪುರ ಬಡಾವಣೆಯ ನಜೀರ್ ವಕೀಲರು, ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಕೇಸು ಹಿಡಿದ ವಾರದಲ್ಲೇ ಅವರ ಓಣಿಯವರೂ, ನಮ್ಮ ಓಣಿಯವರೂ, ನಿಮಗ್ಯಾಕೆ ಈ ಉಸಾಬರಿ ಎಂದು ಕೇಳಿದರಂತೆ. ನಾನೂ ಕೇಳಿದೆ, ಬೇರೆ ಅರ್ಥದಲ್ಲಿ.

"ಆಕಿ ಮಾಡಿಲ್ಲ ಅಂತ ನಿಮಗ ಅನಸತದೇನ್ರಿ?"

"ನನಗೇನು ಗೊತ್ತದರೀ ಅಕ್ಕೋರೆ? ನಾ ಅಲ್ಲಿ ಇದ್ದಿಲ್ಲ. ಟೀವಿಯವನೂ ಇದ್ದಿಲ್ಲ. ಮಾಡ್ಯಾಳ ಅಂದವರು ಸಬೂತ್ ತರಬೇಕು, ನಾ ಅದನ್ನ ತಿರುವಿ ಮುರುವಿ ನೋಡಬೇಕು, ಜಡ್ಜ್ ಸಾಹೇಬ್ರು ಹೇಳಬೇಕು. ಈ ಮೂರೂ ಆಗೋ ತನಕಾ ಆಕಿ ಬರೇ ಒಬ್ಬಾಕಿ ಹೆಣ್ಮಗಳು. ಅಷ್ಟ ನನಗ ಗೊತ್ತಿರೋದು."

ಆಕೆ ನಿರಪರಾಧಿ ಎಂದು ಅವರು ಅನ್ನಲಿ ಎಂದು ಆಸೆಪಟ್ಟಿದ್ದ ನನಗೆ ಅವತ್ತು ನಿರಾಶೆಯಾಯಿತು. ಆ ಮಾತಿನ ಬೆಲೆ ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು.

ಆ ಬೇಸಿಗೆ ಕಲಬುರಗಿಯ ಬೇಸಿಗೆಗಳಿಗೂ ಹೆಚ್ಚಿನದು. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ. ಜಾಮೀನು ಸಿಗಲಿಲ್ಲ. ಪ್ರಯೋಗಾಲಯದ ವರದಿ ಬಂತು. ದೇಹದಲ್ಲಿ, ಕಾಳಿಗೆ ಹುಳ ಹತ್ತದಂತೆ ಚೀಲಗಳ ನಡುವೆ ಇಡುವ ಗುಳಿಗೆಯ ವಿಷ ಸಿಕ್ಕಿತ್ತು. ಟೀವಿಯಲ್ಲಿ ಅವತ್ತು ದೀಪಾವಳಿ. ಗುಳಿಗೆಯನ್ನು ಪುಡಿಮಾಡಿ ಬಾಳೆಹಣ್ಣಿನಲ್ಲಿ ಕಲಸಿದ್ದಾಳೆ ಎಂದು, ಕೋರ್ಟು ಇನ್ನೂ ಬಾಯಿ ಬಿಡುವ ಮೊದಲೇ ತೀರ್ಪು ಆಗಿಹೋಯಿತು.  ವಿಷ ಇಲ್ಲವೇ ಇಲ್ಲ, ವಯಸ್ಸಾದವರ ಎದೆ ನಿಂತಿದೆ ಅಷ್ಟೇ ಎಂದು ನಂಬಿಕೊಂಡು ಬಂದಿದ್ದೆ. ವಿಷ ಇತ್ತು.

ಜೈಲಿನಲ್ಲಿ ಜಾಲರಿಯ ಆಚೆ ಪದ್ಮಜಾ ಅರ್ಧ ಇಳಿದಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ವರದಿಯ ಸುದ್ದಿ ಅಲ್ಲಿಗೂ ಮುಟ್ಟಿತ್ತು.

"ಇವರು ನಿನ್ನೆ ಬಂದಿದ್ರು ಮಾದೇವಿ" ಎಂದಳು. ಇವರು ಎಂದರೆ ಗಂಡ. "ಜಾಲರಿ ಹಿಡಕೊಂಡು ನಿಂತ್ರು. ಆಮ್ಯಾಲೆ ಕೇಳಿದ್ರು, ನೀ ಮಾಡಿಲ್ಲಲ್ಲಾ ಅಂತ."

"ನೀ ಏನಂದಿ?"

"ಏನನ್ಲಿ? ಇಪ್ಪತ್ತು ವರ್ಷ ನನ್ನ ಕೈಯಾಗ ಉಂಡ ಮನಿಶಾ."

ಆಕೆ ಅಳಲಿಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು ಅತ್ತವಳು ನಾನು. ಗಲ್ಲು, ಜೀವಾವಧಿ ಎಂಬ ಮಾತುಗಳು ಅದುವರೆಗೆ ಪೇಪರಿನಲ್ಲಿ ಓದುವ ಮಾತುಗಳಾಗಿದ್ದವು. ಈಗ ಅವು ನನ್ನ ಜೊತೆ ಚಹಾ ಕುಡಿಯುತ್ತಿದ್ದವಳ ಮೇಲೆ ಬೀಳುವುದರಲ್ಲಿದ್ದವು.

ಮಳೆ ಶುರುವಾದ ಮೇಲೆ ನಜೀರ್ ವಕೀಲರು ನನ್ನನ್ನು ಮನೆಗೆ ಕರೆಸಿಕೊಂಡರು. ಸಾಕ್ಷಿ ಹೇಳುವುದಕ್ಕೆ ಮೊದಲು ಎಲ್ಲವನ್ನೂ ಇನ್ನೊಮ್ಮೆ ಕೇಳಬೇಕಿತ್ತು. ಗಾಜಿಪುರದ ಸಂದಿಯಲ್ಲಿ ಕೊಡೆ ಬಿಚ್ಚಲೂ ಜಾಗವಿರಲಿಲ್ಲ. ಒಳಗೆ ಅವರ ಹೆಂಡತಿ ಶುಂಠಿ ಬೆಳ್ಳುಳ್ಳಿ ಅರೆಯುತ್ತಿದ್ದರು, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಮಡಿ ಎಂದರೇನು, ಪಾರಣೆ ಎಂದರೇನು, ನೀರೂ ಕುಡಿಯುವುದಿಲ್ಲವೇ ಎಂದು ಅವರು ಒಂದೊಂದಾಗಿ ಕೇಳುತ್ತ ಹೋದರು. ತಲೆನೋವಿನ ಮಾತಿಗೆ ಬಂದಾಗ ಪೆನ್ನು ಕೆಳಗಿಟ್ಟರು.

"ನಾವೂ ರೋಜಾ ಇರ್ತೇವ್ರೀ. ತಲಿ ನೋಯತದ, ಖರೇ ಅದ. ಆದ್ರ ಎದಿ ಬೆಂಕಿ ಇಟ್ಟಂಗ ಉರಿಯಂಗಿಲ್ಲ. ಗೋಡಿ ಹಿಡಕೊಂಡು ನಡಿಯೋ ಹಂಗ ಆಗಂಗಿಲ್ಲ." ಪೆನ್ನು ಮತ್ತೆ ಎತ್ತಿಕೊಂಡು ಕೇಳಿದರು. "ಆ ಜಗಳ ಯಾತಕ್ಕ ಹತ್ತಿತ್ತು ಅಂದ್ರಿ?"

"ಬಳ್ಳೊಳ್ಳಿ ವಾಸನಿ ಬರಾಕತ್ತದ ಅಂತ. ನಾ ತಂದೀನಿ ಅಂದ್ರು."

"ತಂದಿದ್ರೇನು?"

"ಇಲ್ರಿ. ಚೀಲಾ ಸುರದು ತೋರ್ಸೀನಿ."

"ವಾಸನಿ ಬಂದಿದ್ದು ಖರೇ ಏನು?"

"ಖರೇರಿ. ನನಗೂ ಬಂದಿತ್ತು."

ಅವರು ನನ್ನನ್ನೇ ನೋಡಿದರು. "ಬಳ್ಳೊಳ್ಳಿ ಇಲ್ಲದ ಮನ್ಯಾಗ ಬಳ್ಳೊಳ್ಳಿ ವಾಸನಿ ಎಲ್ಲಿಂದ ಬಂತ್ರೀ ಅಕ್ಕೋರೆ?"

ಏಳು ತಿಂಗಳಿನಿಂದ ಇಡೀ ಊರು ಆ ಜಗಳವನ್ನು ಬಾಯಿಪಾಠ ಮಾಡಿತ್ತು. ಯಾರು ಏನಂದರು, ಎಷ್ಟು ಜೋರಾಗಿ ಅಂದರು, ಅಂದಾಗ ಮುಖ ಹೇಗಿತ್ತು ಎಂಬುದೆಲ್ಲ ಎಲ್ಲರಿಗೂ ಗೊತ್ತಿತ್ತು. ಈ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆ ವಾಸನೆ ಉಸಿರಾಡಿದ್ದ ನಾನೂ ಕೇಳಿಕೊಂಡಿರಲಿಲ್ಲ.

ನಜೀರ್ ವಕೀಲರ ಅಣ್ಣ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಎರಡು ದಿನ ಬಿಟ್ಟು ನಮ್ಮಿಬ್ಬರನ್ನು ಅಲ್ಲಿಗೆ ಕರೆದೊಯ್ದರು. ಗೋದಾಮಿನಲ್ಲಿ ತೊಗರಿ ಚೀಲಗಳ ಒಟ್ಟಿಲಿನ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಮರಳಿನ ಚೀಲ ಇಟ್ಟಿದ್ದರು. ಗುಳಿಗೆ ಹಾಕಿದ ಮೇಲೆ ಇದರೊಳಗೆ ಯಾರೂ ಇರಬಾರದು, ಗಾಳಿಯ ತೇವ ತಾಗಿದರೆ ಅದರಿಂದ ವಿಷದ ಹೊಗೆ ಏಳುತ್ತದೆ, ಬಾಗಿಲು ತೆರೆದು ಬಹಳ ಹೊತ್ತು ಬಿಟ್ಟ ಮೇಲೆಯೇ ಒಳಗೆ ಕಾಲಿಡುವುದು ಎಂದು ಅವರು ಹೇಳುತ್ತಿದ್ದರು. ನಾವು ನಿಂತದ್ದು ಅಂಗಳದಲ್ಲಿ, ದೂರದಲ್ಲಿ. ಮಳೆ ನಿಂತು ಗಾಳಿ ನಮ್ಮ ಕಡೆ ತಿರುಗಿತು. ಹಳಸಿದ ಬೆಳ್ಳುಳ್ಳಿ. ನಾನು ವಕೀಲರ ತೋಳು ಹಿಡಿದುಕೊಂಡೆ, ಪರ ಗಂಡಸು ಎಂಬುದೂ ನೆನಪಾಗಲಿಲ್ಲ. ಕೇಶವರಾಯರು ತಮ್ಮ ದೇವರಮನೆಯನ್ನು ಮೈಲಿಗೆಯಿಂದ ಕಾಪಾಡಲು ಬಾಗಿಲು ಹಾಕಿ, ಸಂದಿಗೆ ಮಡಿ ಪಂಚೆ ತುರುಕಿದ್ದು ಕಣ್ಣ ಮುಂದೆ ಬಂತು. ವಾಸನೆ ಪಡಸಾಲೆಯಿಂದ ಬರುತ್ತಿರಲಿಲ್ಲ, ಅವರ ಬೆನ್ನ ಹಿಂದಿನ ಕೋಣೆಯಿಂದ ಬರುತ್ತಿತ್ತು. ನನ್ನ ಚೀಲದ ಮೇಲೆ ಸಂಶಯಪಟ್ಟು ಅವರು ತಮ್ಮನ್ನು ಅದರ ಜೊತೆಗೆ ಕೂಡಿಹಾಕಿಕೊಂಡಿದ್ದರು.

ಆರೋಪಿ ಜೈಲಿನಲ್ಲಿದ್ದುದರಿಂದ ವಿಚಾರಣೆಯನ್ನು ಬೇಗ ಕೈಗೆತ್ತಿಕೊಂಡಿದ್ದರು. ದಸರೆ ಮುಗಿದ ಮೇಲೆ ಸಾಕ್ಷಿಗಳು ಶುರುವಾದವು. ಕೋರ್ಟಿನ ಹೊರಗೆ ಕ್ಯಾಮೆರಾಗಳು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಮನೆಯಲ್ಲಿ ಗುಳಿಗೆ ಇತ್ತು ಎಂದು ತೋರಿಸಲು ಸರ್ಕಾರಿ ವಕೀಲರೇ ಶರಣಪ್ಪನನ್ನು ಕರೆಸಿದ್ದರು. ನಜೀರ್ ವಕೀಲರು ಅವನನ್ನು ಹೆದರಿಸಲಿಲ್ಲ.

"ಗುಳಗಿ ಎಲ್ಲಿ ಇಟ್ಟಿದ್ದಿ ಶರಣಪ್ಪಾ?"

"ತೊಗರಿ ಚೀಲದಾಗ್ರಿ. ದೇವರಮನಿ ಹಿಂದಿನ ಖೋಲ್ಯಾಗ."

"ಯಾವಾಗ ಇಟ್ಟಿ?"

"ಏಕಾದಶಿ ದಿನಾ ಮಧ್ಯಾಹ್ನ್ರಿ. ಹಿರೇ ರಾಯರ ಹೇಳಿದ್ರು, ಹುಳಾ ಹತ್ತತಾವ ಲಗೂನ ಇಡು ಅಂತ."

"ಆ ಖೋಲಿಗೂ ದೇವರಮನೀಗೂ ನಡುವ ಏನದ?"

"ಹಲಗಿ ಗ್ವಾಡಿ ಅದರಿ. ಮ್ಯಾಲ ಕಿಂಡಿ ಅದ."

"ಇದನ್ನ ಪೊಲೀಸರಿಗೆ ಯಾಕ ಹೇಳಲಿಲ್ಲ?"

"ಅವ್ರು ಕೇಳಲಿಲ್ರಿ. ಗುಳಗಿ ಇದ್ವು ಇಲ್ಲೋ ಅಂತ ಅಷ್ಟ ಕೇಳಿದ್ರು."

ಕೋರ್ಟು ಗುಜುಗುಜು ಎಂದಿತು. ಆ ಸಂಜೆಯೇ ಟೀವಿಯಲ್ಲಿ ಶರಣಪ್ಪನ ಮುಖದ ಸುತ್ತ ಕೆಂಪು ಗೆರೆ ಬಂತು. ನಜೀರ್ ವಕೀಲರು ಅದನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಶೆಡ್ಡು ಬಿದ್ದದ್ದೂ ಚಳಿಗೆ ಕಿಟಕಿ ಮುಚ್ಚಿದ್ದೂ ಯಾರ ಅಪರಾಧವೂ ಅಲ್ಲ ಎಂದು ಕೇಳಿದವರಿಗೆಲ್ಲ ಹೇಳಿದರು. ಕೇಳಿದವರು ಕಡಿಮೆ.

ಮುಂದೆ ವೈದ್ಯರು ಬಂದರು. ಹೊಗೆ ಕುಡಿದರೂ ದೇಹದಲ್ಲಿ ಇದೇ ವಿಷ ಸಿಗಬಹುದು, ಶ್ವಾಸಕೋಶ ತುಂಬಿಕೊಂಡಿದ್ದು ಅದಕ್ಕೆ ಹೆಚ್ಚು ಹೊಂದುತ್ತದೆ ಎಂದು ಒಪ್ಪಿಕೊಂಡರು. ಆಮೇಲೆ ನನ್ನ ಸರದಿ. ಕಟಕಟೆ ಹತ್ತಿದೆ. ವಾಸನೆಯ ಮಾತು, ಚೀಲ ಸುರಿದದ್ದು, ಸಂದಿಗೆ ತುರುಕಿದ ಪಂಚೆ, ನಸುಕಿನಲ್ಲಿ ಗೋಡೆ ಹಿಡಿದು ಬಂದದ್ದು, ಶಿಕ್ರಣಿಗೆ ಮೊದಲಿನ ತಲೆನೋವು, ಎಲ್ಲವನ್ನೂ ಹೇಳಿದೆ. ಸರ್ಕಾರಿ ವಕೀಲರು ನೀವು ಗೆಳತಿಯಲ್ಲವೇ ಎಂದು ಕೇಳಿದರು. ಹೌದು ಎಂದೆ. ನ್ಯಾಯಾಧೀಶರು ಒಮ್ಮೆ ಮಾತ್ರ ನಡುವೆ ಬಾಯಿ ಹಾಕಿದರು, ಅದೂ "ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತಿದ್ದಾರೆ" ಎನ್ನಲು. ಆ ವರ್ಷದಲ್ಲಿ ವಕೀಲರನ್ನು ಬಿಟ್ಟರೆ ನನ್ನ ಮಾತನ್ನು ಕೊನೆಯವರೆಗೆ ಕೇಳಿದವರು, ಬರೆಸಿಕೊಂಡವರು ಅವರೇ. 

ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವ ಹೊತ್ತಿಗೆ ತೀರ್ಪು ಬಂತು. ಬಿಡುಗಡೆ. ಅನುಮಾನದ ಲಾಭ ಕೊಟ್ಟು ಬಿಟ್ಟದ್ದಲ್ಲ, ವಿಷ ಹಾಕಿದ್ದಕ್ಕೆ ಆಧಾರವೇ ಇಲ್ಲ ಎಂದು ಬಿಡಿಸಿ ಹೇಳಿದ್ದರು. "ಬಾ-ಇಜ್ಜತ್ ಬರಿ ಆಗ್ಯಾರ, ಮರ್ಯಾದಿಲೆ ಬಿಟ್ಟಾರ" ಎಂದರು ನಜೀರ್ ವಕೀಲರು. ಒಂದು ವರ್ಷ ಕುಣಿದ ಟೀವಿ ಅದನ್ನು ಮಳೆ ಬೆಳೆ ಸುದ್ದಿಯ ನಡುವೆ ಓದಿ ಮುಗಿಸಿತು.

ಅವತ್ತು ಸಂಜೆ ನಾನೇ ಪದ್ಮಜಾಳನ್ನು ಜೇವರ್ಗಿ ಕಾಲೋನಿಗೆ ಕರೆತಂದೆ. ಓಣಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು, ಯಾರೂ ಮಾತಾಡಿಸಲಿಲ್ಲ. ಮನೆಯಲ್ಲಿ ಅಲಕಾ ಇದ್ದಳು. ಎದುರಿಗೆ ಬಂದು, "ತಪ್ಪಾತು ವೈನಿ" ಎಂದು ಕಾಲಿಗೆ ಬಿದ್ದಳು. ಅತ್ತಳು ಕೂಡ. ಆ ಅಳು ಸುಳ್ಳು ಎಂದು ನಾನು ಹೇಳಲಾರೆ.  ಶ್ರೀಪಾದರಾಯರು ಹೊರಗಿನಿಂದ ಊಟ ತರಿಸುತ್ತೇನೆ ಎಂದರು. ಪದ್ಮಜಾ 'ಬ್ಯಾಡ' ಎಂದಳು. ಸ್ನಾನ ಮಾಡಿ, ಒಲೆ ಹಚ್ಚಿ, ಅನ್ನ ಸಾರು ಮಾಡಿದಳು. ಒಂದು ವರ್ಷದ ಮೇಲೆ ಆ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿ ನನಗೆ ಕಣ್ಣು ತುಂಬಿತು. ಎಲ್ಲ ಸರಿಹೋಯಿತು ಎಂದುಕೊಂಡೆ.

ನಾಲ್ಕು ತಟ್ಟೆ ಹಾಕಿದಳು. ಅವರ ಮನೆಯಲ್ಲಿ ಎಲ್ಲರ ಊಟ ಆಗದೆ ಸೊಸೆ ಉಣ್ಣುವ ಪದ್ಧತಿಯೇ ಇರಲಿಲ್ಲ. ಬಡಿಸಿ ನಿಲ್ಲುವುದು ಆಕೆಯ ಕೆಲಸ. ಆಕೆ ಬಡಿಸಿ ನಿಂತಳು. ಶ್ರೀಪಾದರಾಯರು ಅನ್ನ ಕಲಸಲಿಲ್ಲ.

"ಪದ್ಮಾ, ಭಾಳ ದಿವಸಕ್ಕ ಮನೀಗೆ ಬಂದೀದಿ. ಇವತ್ತು ನೀ ಮೊದಲ ಉಣ್ಣು."

ಒಂದು ಗಳಿಗೆ ನನಗೆ ಖುಷಿಯಾಯಿತು. ಇಷ್ಟು ವರ್ಷಕ್ಕಾದರೂ ಮನುಷ್ಯನಿಗೆ ಬುದ್ಧಿ ಬಂತಲ್ಲ ಎಂದು ಅಲಕಾಳ ಕಡೆ ನೋಡಿದೆ. ಅಲಕಾ ನನ್ನನ್ನು ನೋಡುತ್ತಿರಲಿಲ್ಲ. ಆಕೆಯ ಕೈ ತಟ್ಟೆಯಿಂದ ದೂರ, ಮಡಿಲಲ್ಲಿತ್ತು. ಕಣ್ಣು ಪದ್ಮಜಾಳ ಕೈ ಮೇಲಿತ್ತು. ಅಣ್ಣನ ಕಣ್ಣೂ ಅಲ್ಲೇ.  ಕೋರ್ಟಿನಲ್ಲಿ ಆ ತೀರ್ಪನ್ನು ಈ ಇಬ್ಬರೂ ನನ್ನ ಪಕ್ಕದಲ್ಲೇ ಕೂತು ಕೇಳಿದ್ದರು.

ಪದ್ಮಜಾ ಕೂತಳು. ಸಾರು ಅನ್ನ ಕಲಸಿ ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ನೀರು ಕುಡಿದಳು. ಇಬ್ಬರ ಮುಖವನ್ನೂ ಒಂದೊಂದಾಗಿ ನೋಡಿದಳು. ದನಿ ಏರಿಸದೆ ಕೇಳಿದಳು.

"ಎಷ್ಟು ಹೊತ್ತು ನೋಡಬೇಕ್ರೀ? ಒಂದು ತಾಸು ಸಾಕೇನು?"

ಶ್ರೀಪಾದರಾಯರು ಗೋಡೆಯ ಗಡಿಯಾರದ ಕಡೆ ನೋಡಿದರು.